ಪ್ಯಾಕ್ ಹೋಯಿತೆಂದು ಕೈಚೆಲ್ಲುವ ಮುನ್ನ

ಎಂಟು ವರ್ಷ ದಾಟಿದ ಎಲೆಕ್ಟ್ರಿಕ್ ಕಾರು ಒಂದು ಬೆಳಿಗ್ಗೆ ಮಿಸುಕಾಡಲಿಲ್ಲ. ‘ಬ್ಯಾಟರಿ ಹೋಗಿದೆ, ಲಕ್ಷಗಟ್ಟಲೆ ಆಗುತ್ತೆ’ ಎಂದು ಯಾರೋ ಹೇಳಿದ್ದನ್ನು ನಂಬಿ ನನ್ನ ನೆರೆಯವರು ಸಿಕ್ಕಿದ ಬೆಲೆಗೆ ಅದನ್ನು ಮಾರಿಬಿಟ್ಟರು. ಕೊಂಡವರು ಕೆಲವು ಸಾವಿರದ ಚಿಕ್ಕ ಬ್ಯಾಟರಿ ಹಾಕಿಸಿ ಇಂದಿಗೂ ಅದನ್ನೇ ಓಡಿಸುತ್ತಿದ್ದಾರೆ.

ಈ ಹೆದರಿಕೆ ಹಳೆಯದು. 2001ರಲ್ಲಿ ಬೆಂಗಳೂರಿನ ಎಲೆಕ್ಟ್ರಿಕ್ ಕಾರು ರೇವಾ ಬಂದಾಗ ಅದರಲ್ಲಿದ್ದದ್ದು ಲೆಡ್-ಆಸಿಡ್ ಬ್ಯಾಟರಿಗಳು. ಕೆಲವೇ ವರ್ಷಕ್ಕೆ ಬದಲಿಸಬೇಕಿತ್ತು. ಈಗಿನ ಲಿಥಿಯಂ ಬ್ಯಾಟರಿ ಪ್ಯಾಕ್ ಸಾಮಾನ್ಯವಾಗಿ ಒಮ್ಮೆಲೇ ಸಾಯುವುದಿಲ್ಲ, ನಿಧಾನವಾಗಿ ಸೊರಗುತ್ತದೆ.

1. ಮೊದಲು ಚಿಕ್ಕ ಬ್ಯಾಟರಿ ನೋಡಿ

ಎಲೆಕ್ಟ್ರಿಕ್ ಇರಲಿ, ಹೈಬ್ರಿಡ್ ಇರಲಿ, ದೊಡ್ಡ ಪ್ಯಾಕಿನ ಜೊತೆಗೆ ಸಾಮಾನ್ಯವಾಗಿ 12 ವೋಲ್ಟಿನ ಚಿಕ್ಕ ಬ್ಯಾಟರಿಯೂ ಇರುತ್ತದೆ. ದೊಡ್ಡ ಪ್ಯಾಕನ್ನು ಮೋಟಾರಿಗೆ ಜೋಡಿಸುವ ರಿಲೇ, ಕಾರಿನ ಕಂಪ್ಯೂಟರು, ಸೆಂಟ್ರಲ್ ಲಾಕ್ ಎಲ್ಲಕ್ಕೂ ಇದೇ ಆಸರೆ. ಇದು ಕುಸಿದರೆ ಪ್ಯಾಕ್ ತುಂಬಿದ್ದರೂ ಕಾರು ಏಳುವುದಿಲ್ಲ. ಲಕ್ಷಣಗಳು ಇವು: ಡ್ಯಾಶ್‌ಬೋರ್ಡಿನ ದೀಪಗಳು ಮಿಣುಕುತ್ತವೆ, ಎಚ್ಚರಿಕೆಯ ಗುರುತುಗಳು ಸಾಲಾಗಿ ಹೊತ್ತಿಕೊಳ್ಳುತ್ತವೆ, ಬಾಗಿಲು ರಿಮೋಟಿಗೆ ಓಗೊಡುವುದಿಲ್ಲ. ವಾರಗಟ್ಟಲೆ ನಿಲ್ಲಿಸಿದ ಕಾರಿನಲ್ಲಂತೂ ಇದೇ ಮೊದಲ ಅನುಮಾನ. ಮಲ್ಟಿಮೀಟರ್ ಹಿಡಿಸಿ. ಒಳ್ಳೆಯ ಲೆಡ್-ಆಸಿಡ್ ಬ್ಯಾಟರಿ ತುಂಬಿದ್ದಾಗ 12.6 ವೋಲ್ಟ್ ಆಸುಪಾಸು ತೋರಿಸುತ್ತದೆ. 12ಕ್ಕಿಂತ ಕೆಳಗಿದ್ದರೆ ಬಹುತೇಕ ಖಾಲಿ. ಈ ಪರೀಕ್ಷೆ ಮಾಡದೆ ಪ್ಯಾಕಿನ ಮಾತೆತ್ತಿದವರ ಬಳಿ ಕಾರು ಬಿಡಬೇಡಿ.

2. ಪ್ಯಾಕಿನ ಶಕ್ತಿ ಅಳೆಯಿರಿ

ರಾತ್ರಿ ಮನೆಯ ಉಳಿದ ಉಪಕರಣ ಆರಿಸಿ, 20%ನಿಂದ 100%ವರೆಗೆ ನಿಧಾನ ಚಾರ್ಜ್ ಮಾಡಿ, ಮನೆಯ ವಿದ್ಯುತ್ ಮೀಟರ್ ನೋಡಿ. ಹೊಸದರಲ್ಲಿ 30 ಯೂನಿಟ್ ಹಿಡಿಯುತ್ತಿದ್ದ ಪ್ಯಾಕ್ ಎನ್ನೋಣ. ಮೀಟರ್ 21 ಯೂನಿಟ್ ತೋರಿಸಿದರೆ ಚಾರ್ಜಿಂಗ್ ನಷ್ಟಕ್ಕೆ ಹತ್ತರಲ್ಲೊಂದು ಪಾಲು ಕಳೆಯಿರಿ, ಉಳಿದದ್ದು ಸುಮಾರು 19. ತುಂಬಿಸಿದ್ದು ಪ್ಯಾಕಿನ 80% ಭಾಗವಾದ್ದರಿಂದ ಅದನ್ನು 0.8ರಿಂದ ಭಾಗಿಸಿದರೆ ಸುಮಾರು 24. ಅಂದರೆ 80% ಶಕ್ತಿ ಉಳಿದಿದೆ. ಇದು ಅಂದಾಜು, ಸರ್ವೀಸ್ ಸೆಂಟರಿನಿಂದ ಬ್ಯಾಟರಿ ಆರೋಗ್ಯದ ವರದಿಯನ್ನು ಕಾಗದದ ಮೇಲೆ ಪಡೆಯಿರಿ. ಊರೊಳಗಿನ ಓಡಾಟಕ್ಕೆ 70% ಕೂಡ ಧಾರಾಳ ಸಾಕು ಎನ್ನುವುದು ನನ್ನ ಅನುಭವ.

3. ವಾರಂಟಿ ಪುಸ್ತಕ ತೆಗೆಯಿರಿ

8 ವರ್ಷ ಅಥವಾ 1,60,000 ಕಿ.ಮೀ., ಯಾವುದು ಮೊದಲೋ ಅದು. ನಮ್ಮಲ್ಲಿ ಹಲವು ಕಾರುಗಳ ಪ್ಯಾಕಿಗೆ ಇದೇ ಲೆಕ್ಕ. ಶಕ್ತಿ ಎಷ್ಟಕ್ಕಿಳಿದರೆ ಬದಲಿಸಿಕೊಡುತ್ತಾರೆ, ಎರಡನೇ ಮಾಲೀಕರಿಗೂ ಅನ್ವಯವೇ ಎಂಬುದನ್ನು ಓದಿ. ಅವಧಿ ಮುಗಿಯುವ ಆರು ತಿಂಗಳು ಮೊದಲೇ ಪರೀಕ್ಷೆ ಮಾಡಿಸಿ.

4. ಬಿಲ್ಲನ್ನು ಬಿಡಿಸಿ ಬರೆಸಿ

2024ರಲ್ಲಿ ಪ್ಯಾಕಿನ ಜಾಗತಿಕ ಸರಾಸರಿ ಬೆಲೆ ಯೂನಿಟ್ ಸಾಮರ್ಥ್ಯಕ್ಕೆ 115 ಡಾಲರ್ ಇತ್ತು. 30 ಯೂನಿಟ್ಟಿನದಕ್ಕೆ ಸುಮಾರು ಮೂರು ಲಕ್ಷ ರೂಪಾಯಿ. ಇದು ಕಾರು ಕಂಪನಿಗೆ ಬೀಳುವ ಬೆಲೆ. ನಿಮ್ಮ ಕೈಗೆ ಬರುವಾಗ ಲಾಭಾಂಶ, ಕೂಲಿ ಮತ್ತು 18% ಜಿಎಸ್‌ಟಿ ಸೇರಿ ಏರುತ್ತದೆ. ಎಲೆಕ್ಟ್ರಿಕ್ ಕಾರಿನ 5% ತೆರಿಗೆ ಬಿಡಿ ಬ್ಯಾಟರಿಗೆ ಸಿಗದು. ಪ್ಯಾಕಿನೊಳಗಿನ ಒಂದೇ ಮಾಡ್ಯೂಲ್ (ಸೆಲ್‌ಗಳ ಗುಂಪು) ಕೆಟ್ಟಿದ್ದರೆ ಅದನ್ನಷ್ಟೇ ಬದಲಿಸಬಹುದೇ ಎಂದು ಕೇಳಿ.

5. ಕೊನೆಯದಾಗಿ

ಹಲವು ಹೈಬ್ರಿಡ್‌ಗಳಲ್ಲಿ ಸೀಟಿನ ಬಳಿ ಪ್ಯಾಕ್ ತಂಪಾಗಿಸುವ ಗಾಳಿಕಿಂಡಿ ಇದೆ, ಧೂಳು ತೆಗೆಸಿ. ಕಿತ್ತಳೆ ಬಣ್ಣದ ಕೇಬಲ್ ಮುಟ್ಟಬೇಡಿ, ಪ್ರಾಣಾಪಾಯ. ಹಳೆಯ ಪ್ಯಾಕಿಗೂ ಬೆಲೆಯಿದೆ, ಬಿಲ್ಲಿನಲ್ಲಿ ಕಳೆಯಿಸಿ.