ಶಾಲೆ ಹೇಳಿದ ಕ್ಲಿನಿಕ್‌ಗೇ ಹೋಗಬೇಕೆ?

‘ನಿಮ್ಮ ಹುಡುಗ ಕೂತಲ್ಲಿ ಕೂರಲ್ಲ, ಎಡಿಎಚ್‌ಡಿ (ಗಮನ ಕೊರತೆ, ಅತಿಚಟುವಟಿಕೆಯ ತೊಂದರೆ) ಇರಬಹುದು. ಇಂಥ ಕ್ಲಿನಿಕ್‌ನಲ್ಲೇ ತೋರಿಸಿ ರಿಪೋರ್ಟ್ ತನ್ನಿ. ಅಲ್ಲಿವರೆಗೂ ಶಾಲೆಗೆ ಕಳಿಸಬೇಡಿ.’ ಶಾಲೆಯಿಂದ ಹೀಗೊಂದು ಮಾತು ಬಂದರೆ ಯಾವ ತಾಯಿತಂದೆಗೂ ಎದೆ ಧಸಕ್ಕೆನ್ನುತ್ತದೆ. ಗಾಬರಿಯಾಗುವ ಮೊದಲು ಈ ಮಾತನ್ನು ಬಿಡಿಸಿ ನೋಡಿ. ಮಗುವನ್ನು ತಪಾಸಣೆ ಮಾಡಿಸಿ ಎಂಬುದು ಒಳ್ಳೆಯ ಸಲಹೆ, ಕೇಳಿ. ಉಳಿದ ಎರಡಕ್ಕೂ ಕಾನೂನಿನ ಬಲವಿಲ್ಲ.

ಕಡೆಯ ಮಾತನ್ನೇ ಮೊದಲು ನೋಡೋಣ. 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಂ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. 17ನೇ ಕಲಂ ಹೊಡೆತವನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಮಗುವನ್ನು ಕಳಿಸಬೇಡಿ ಎಂದವರಿಂದ ಅದನ್ನು ಬರಹದಲ್ಲಿ ಕೇಳಿ. ಕೊಡದಿದ್ದರೆ ನೀವೇ ಬರೆದು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.

ಇನ್ನು ಕ್ಲಿನಿಕ್. ಇಂಗ್ಲೆಂಡಿನಲ್ಲಿ ಸರ್ಕಾರಿ ವ್ಯವಸ್ಥೆಯ ರೋಗಿ ತನ್ನ ವೈದ್ಯರ ಶಿಫಾರಸಿನೊಂದಿಗೆ ತಪಾಸಣೆಯ ಸಂಸ್ಥೆಯನ್ನು ಆರಿಸಿಕೊಳ್ಳಬಹುದು. ಮಾನಸಿಕ ಆರೋಗ್ಯಕ್ಕೆ ಆ ಹಕ್ಕು 2014ರಲ್ಲಿ ಬಂತು. ನಮ್ಮಲ್ಲಿ ಖಾಸಗಿ ತಜ್ಞರ ಬಳಿ ಹೋಗಲು ಯಾರ ಶಿಫಾರಸೂ ಬೇಕಿಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ರೂಪಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯುವ ಹಕ್ಕಿದೆ. ಔಷಧಿ, ಪರೀಕ್ಷೆ ಎಲ್ಲಿ ಎಂದು ಆರಿಸಿಕೊಳ್ಳುವ ಹಕ್ಕೂ ಇದೆ.

ನನ್ನ ಮಟ್ಟಿಗೆ ನಿಜವಾದ ಅಡ್ಡಿ ದೂರ ಮತ್ತು ದುಡ್ಡು. ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟದಲ್ಲಿ ರೇಷ್ಮೆಹುಳು ನಾಲ್ಕನೇ ಜ್ವರ ಎದ್ದು ಸೊಪ್ಪು ಮುಕ್ಕುವ ವಾರ ಮನೆಯವರು ಬೆಂಗಳೂರಿನ ಬಸ್ಸು ಹತ್ತುವುದು ಹೇಗೆ? ಗೌರಿಬಿದನೂರು, ಚಿಂತಾಮಣಿಯ ಕೂಲಿಯವರಿಗೆ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಗೆ ಒಂದು ಸಲ ಹೋಗಿಬರುವುದೆಂದರೆ ಒಂದು ದಿನದ ದುಡಿಮೆ ಹೋದಂತೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಕಲಂ ಇದನ್ನು ಯೋಚಿಸಿಯೇ ಬರೆದಂತಿದೆ. ಸರ್ಕಾರ ನಡೆಸುವ ಅಥವಾ ಹಣ ಕೊಡುವ ಮಾನಸಿಕ ಆರೋಗ್ಯ ಸೇವೆ ಪಡೆಯುವುದು ಪ್ರತಿಯೊಬ್ಬರ ಹಕ್ಕು. ಮಕ್ಕಳ ಸೇವೆಯನ್ನೂ ಕಲಂ ಹೆಸರಿಸಿ ಸೇರಿಸಿದೆ. ಕಾಯಿಲೆ ಇದೆಯೋ ಇಲ್ಲವೋ ಎಂಬ ಶಂಕೆಯ ಹಂತದ ತಪಾಸಣೆಯೂ ‘ಆರೈಕೆ’ಯ ವ್ಯಾಖ್ಯೆಯೊಳಗೇ ಬರುತ್ತದೆ.

ಹಾಗಾಗಿ ಮೊದಲು ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕ್ಲಿನಿಕ್ ಯಾವಾಗ ಎಂದು ವಿಚಾರಿಸಿ. ಮನೋವೈದ್ಯರು ಮಂಗಳವಾರ ತಾಲ್ಲೂಕಿಗೇ ಬರಲೆಂದು ರೂಪಿಸಿದ ಕಾರ್ಯಕ್ರಮವಿದು. ಅಂಗನವಾಡಿ, ಸರ್ಕಾರಿ ಶಾಲೆಯ ಮಕ್ಕಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ನಡೆಸುವ ತಪಾಸಣೆಯ ಪಟ್ಟಿಯಲ್ಲೂ ಎಡಿಎಚ್‌ಡಿ ಇದೆ. ಮನೆಯಿಂದಲೇ ಸಲಹೆ ಬೇಕಿದ್ದರೆ ಟೆಲಿ ಮಾನಸ್ 14416, ಕರೆ ಉಚಿತ.

ಆಯ್ಕೆ ನಿಮ್ಮದಾದಾಗ ಯಾರನ್ನು ನಂಬಬೇಕೆಂಬುದೂ ತಿಳಿದಿರಬೇಕು. ರಕ್ತಪರೀಕ್ಷೆಯಿಂದಲೋ ಮಿದುಳಿನ ಸ್ಕ್ಯಾನ್‌ನಿಂದಲೋ ಎಡಿಎಚ್‌ಡಿ ಪತ್ತೆಯಾಗುವುದಿಲ್ಲ. ಮನೆಯಲ್ಲೂ ಶಾಲೆಯಲ್ಲೂ ಮಗು ಹೇಗಿದೆ, ಲಕ್ಷಣಗಳು ಕನಿಷ್ಠ 6 ತಿಂಗಳಿಂದ ಇವೆಯೇ ಎಂದು ತಾಯಿತಂದೆ, ಶಿಕ್ಷಕರು ಇಬ್ಬರನ್ನೂ ಕೇಳಿ ತೀರ್ಮಾನಿಸಬೇಕು. ಐದೇ ನಿಮಿಷ ನೋಡಿ ದುಬಾರಿ ಪ್ಯಾಕೇಜು ಮುಂದಿಟ್ಟರೆ ಎದ್ದು ಬನ್ನಿ. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಸಂಖ್ಯೆ ಕೇಳಿ. ಮಾತ್ರೆ ಬರೆಯುವ ಅಧಿಕಾರ ವೈದ್ಯರಿಗೆ ಮಾತ್ರ. ‘ಅಂಗವಿಕಲ ಪ್ರಮಾಣಪತ್ರ ಮಾಡಿಸಿಕೊಡುತ್ತೇವೆ’ ಎಂದು ದುಡ್ಡು ಕೇಳುವವರಿಂದ ದೂರವಿರಿ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಎಡಿಎಚ್‌ಡಿ ಇಲ್ಲ, ನಿರ್ದಿಷ್ಟ ಕಲಿಕಾ ನ್ಯೂನತೆ ಮತ್ತು ಆಟಿಸಂ ಇವೆ. ಅವು ಜೊತೆಗಿದ್ದರೆ ಸರ್ಕಾರಿ ವೈದ್ಯಕೀಯ ಪ್ರಾಧಿಕಾರದ ಮೂಲಕವೇ ಅರ್ಜಿ ಹಾಕಬೇಕು.

ವೈದ್ಯರನ್ನು ಬದಲಿಸಬೇಕಾದರೆ ಹಳೆಯ ಕಾಗದ ಕೈಯಲ್ಲಿರಬೇಕು. ದಾಖಲೆ ಕೇಳಿದ ರೋಗಿಗೆ ವೈದ್ಯರು 72 ಗಂಟೆಯೊಳಗೆ ಕೊಡಬೇಕೆಂದು 2002ರ ವೈದ್ಯಕೀಯ ನಡಾವಳಿ ನಿಯಮ ಹೇಳುತ್ತದೆ. ಆ ವರದಿ ಗೋಪ್ಯ. ನಿಮ್ಮ ಒಪ್ಪಿಗೆಯಿಲ್ಲದೆ ಆಸ್ಪತ್ರೆ ಅದನ್ನು ಶಾಲೆಗೆ ಕಳಿಸುವಂತಿಲ್ಲ. ಶಾಲೆಗೆ ಎಷ್ಟು ತಿಳಿಸಬೇಕೆಂದು ನೀವು ತೀರ್ಮಾನಿಸಿ.

ಖಾಸಗಿ ಆಸ್ಪತ್ರೆ ದಾಖಲೆ ಕೊಡದೆ ಸತಾಯಿಸಿದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ ದೂರು ಕೊಡಿ. ದುಡ್ಡು ಕೊಟ್ಟು ಪಡೆದ ಸೇವೆಯಲ್ಲಿ ಲೋಪವಾಗಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ವಕೀಲರ ಫೀಸಿಗೆ ಅಂಜಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರಿಗೂ ಮಕ್ಕಳಿಗೂ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ. ಚಿಕ್ಕಬಳ್ಳಾಪುರದ ಜಿಲ್ಲಾ ನ್ಯಾಯಾಲಯದಲ್ಲಿ ಜಿಲ್ಲಾ ಪ್ರಾಧಿಕಾರವಿದೆ, ತಾಲ್ಲೂಕು ನ್ಯಾಯಾಲಯಗಳಲ್ಲಿ ಸಮಿತಿಗಳಿವೆ, ಸಹಾಯವಾಣಿ 15100.

ತಪಾಸಣೆ ಎಲ್ಲೇ ಆಗಲಿ, ಸಹಿ, ದಿನಾಂಕ, ನೋಂದಣಿ ಸಂಖ್ಯೆ ಇರುವ ವರದಿ ಕೈಗೆ ಬಾರದೆ ಊರಿನ ಬಸ್ಸು ಹತ್ತಬೇಡಿ.