ಮದ್ದಿನ ಚೀಟಿ ಸಮೇತ ಒಂದು ನಾಯಿ

ಪ್ರಶ್ನೆ: ಆಟಿ ತಿಂಗಳ ಮಳೆಯಲ್ಲಿ, ನಮ್ಮ ಮನೆಗೆ ತಿರುಗುವ ಮಣ್ಣಿನ ರಸ್ತೆಯ ಬದಿಯಲ್ಲಿ ಯಾರೋ ಒಂದು ಹೆಣ್ಣುನಾಯಿಯನ್ನು ಬಿಟ್ಟು ಹೋದರು. ಕುತ್ತಿಗೆಯಲ್ಲಿ ಬೆಲ್ಟಿನ ಗುರುತಿದೆ, ಹಾಗಾಗಿ ಸಾಕಿದ ನಾಯಿಯೇ. ಲ್ಯಾಬ್ರಡಾರ್ ಮಿಶ್ರತಳಿ ಇರಬೇಕು. ಮೈತುಂಬ ಉಣ್ಣಿ, ಬೆನ್ನಿನ ರೋಮ ಉದುರಿದೆ, ಹಿಂಗಾಲು ಎಳೆಯುತ್ತದೆ. ಪುತ್ತೂರಿಗೆ ಕರೆದುಕೊಂಡು ಹೋಗಿ ತೋರಿಸಿದೆವು. ಉಣ್ಣಿಜ್ವರ ಎಂದರು. ಕಾಲಿನದು ಸೊಂಟದ ಕೀಲಿನ ಸವೆತ, ಪೂರ್ತಿ ಸರಿಯಾಗಲಿಕ್ಕಿಲ್ಲ ಎಂದರು. ನಮ್ಮಲ್ಲಿ ಈಗಾಗಲೇ ಎರಡು ನಾಯಿಗಳಿವೆ, ಅವು ಇದನ್ನು ಸೇರಿಸುವುದಿಲ್ಲ. ಯಾರನ್ನು ಕೇಳಿದರೂ 'ಗಂಡುಮರಿ ಇದ್ದರೆ ಹೇಳಿ' ಎನ್ನುತ್ತಾರೆ. ಇಂಥ ನಾಯಿಗೆ ಮನೆ ಸಿಗುತ್ತದೆಯೇ? ಕಾಯಿಲೆಯ ವಿಷಯ ಮೊದಲೇ ಹೇಳಿದರೆ ಯಾರೂ ಬರುವುದಿಲ್ಲ. ನಾಯಿ ಮನೆಗೆ ಒಗ್ಗಿದ ಮೇಲೆ ನಿಧಾನವಾಗಿ ತಿಳಿಸಬಹುದೇ?
— ಓದುಗರೊಬ್ಬರು, ಸವಣೂರು

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಆ ತಪ್ಪನ್ನು ನಾನು ಮಾಡಿದ್ದೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಓಣಿಯ ತುದಿಯಲ್ಲಿ ಕಂದು ಬಣ್ಣದ ಗಂಡುನಾಯಿಯೊಂದು ಸಿಕ್ಕಿತ್ತು. ಚಂದದ ನಾಯಿ, ಬಹಳ ಸಾಧು. ಆದರೆ ಮೂರು ನಾಲ್ಕು ವಾರಕ್ಕೊಮ್ಮೆ ಫಿಟ್ಸ್ ಬರುತ್ತಿತ್ತು. ಡಾಕ್ಟರು ಫಿನೋಬಾರ್ಬಿಟೋನ್ ಬರೆದುಕೊಟ್ಟರು. ಬೆಳಿಗ್ಗೆ ಒಂದು, ರಾತ್ರಿ ಒಂದು. ಒಂದೂವರೆ ತಿಂಗಳು ಏನೂ ಆಗಲಿಲ್ಲ. ಇನ್ನು ಬರಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡು, ಚಿಕ್ಕ ಮಕ್ಕಳಿದ್ದ ಒಂದು ಮನೆಗೆ ಅದನ್ನು ಕೊಟ್ಟೆ. ಕಾಯಿಲೆಯ ಹೆಸರೆತ್ತಲಿಲ್ಲ. 'ಎರಡು ಹೊತ್ತು ಶಕ್ತಿಯ ಮಾತ್ರೆ ಹಾಕಿ' ಎಂದಷ್ಟೇ ಹೇಳಿದೆ. ಶಕ್ತಿಯ ಮಾತ್ರೆ ತಾನೇ ಎಂದು ಅವರು ಎರಡು ದಿನ ಹಾಕಲಿಲ್ಲ. ಫಿಟ್ಸಿನ ಮಾತ್ರೆಯನ್ನು ಹಾಗೆ ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಮೊದಲಿಗಿಂತ ಜೋರಾಗಿ ಬರುತ್ತದೆ. ನಡುರಾತ್ರಿ ಬಾಯಲ್ಲಿ ನೊರೆ ಬಂದು ಕೈಕಾಲು ಬಡಿದುಕೊಳ್ಳುವ ನಾಯಿಯನ್ನು ಕಂಡು ಮಕ್ಕಳು ಕಿರುಚಿಕೊಂಡವು, ದೊಡ್ಡವರು ಹುಚ್ಚುನಾಯಿ ಎಂದೇ ತಿಳಿದರು. ಬೆಳಗಾಗುತ್ತಲೇ ಆಟೋದಲ್ಲಿ ತಂದುಬಿಟ್ಟರು. ಅವರಿಗೆ ಒಂದು ಮಾತು ಹೇಳುವ ಮುಖ ನನಗಿರಲಿಲ್ಲ. ನಾಯಿ ಆಟೋದಿಂದ ಇಳಿಯಲಿಲ್ಲ. ಎತ್ತಿಕೊಳ್ಳಲು ಹೋದರೆ ತಲೆಯನ್ನು ಸೀಟಿನ ರೆಕ್ಸಿನ್‌ಗೆ ಒತ್ತಿ ಹಿಡಿದುಕೊಂಡಿತ್ತು.

ಎರಡನೇ ಸಲ ಎಲ್ಲವನ್ನೂ ಹೇಳಿದೆ. ಮಾತ್ರೆಯ ಪಟ್ಟಿ ತೋರಿಸಿದೆ, ಫಿಟ್ಸ್ ಬಂದಾಗ ಮೊಬೈಲಿನಲ್ಲಿ ತೆಗೆದಿದ್ದ ವಿಡಿಯೋವನ್ನೂ ತೋರಿಸಿದೆ. ನಾಲ್ಕು ಮನೆಯವರು ಬೇಡ ಎಂದರು. ಐದನೆಯವರು ನಿವೃತ್ತ ಮೇಷ್ಟ್ರು. ಅವರ ಮನೆಯ ಮುದಿನಾಯಿ ಹಿಂದಿನ ವರ್ಷವಷ್ಟೇ ತೀರಿಕೊಂಡಿತ್ತು. ವಿಡಿಯೋವನ್ನು ಪೂರ್ತಿ ನೋಡಿ, 'ನನಗೂ ಬಿಪಿ ಮಾತ್ರೆ ಬೆಳಿಗ್ಗೆ ರಾತ್ರಿ ಇದೆಯಲ್ಲ, ಇಬ್ಬರದ್ದೂ ಒಟ್ಟಿಗೆ ನೆನಪಾಗುತ್ತದೆ' ಎಂದರು. ಆ ನಾಯಿಗೆ ಅದಾದ ಮೇಲೂ ಫಿಟ್ಸ್ ಬಂದದ್ದುಂಟು. ಆದರೆ ಯಾರೂ ಆಟೋ ಕರೆಯಲಿಲ್ಲ.

ಆದ್ದರಿಂದ, ದಯವಿಟ್ಟು ಮುಚ್ಚಿಡಬೇಡಿ. ಮುಚ್ಚಿಟ್ಟು ಕೊಟ್ಟ ನಾಯಿ ಹಿಂದೆ ಬರುತ್ತದೆ. ಇಲ್ಲವಾದರೆ ಅದು ಹಿಂದೆಯೂ ಬರುವುದಿಲ್ಲ, ಇನ್ನೊಂದು ಮಣ್ಣಿನ ರಸ್ತೆಯ ಬದಿಯಲ್ಲಿ ಇಳಿಯುತ್ತದೆ. ಕಾಯಿಲೆ ಕೇಳಿ ಓಡುವವರು ಓಡಲಿ, ಅದರಿಂದ ನಿಮ್ಮ ಹುಡುಕಾಟ ಹಗುರವಾಗುತ್ತದೆ. ನಿಮಗೆ ಬೇಕಾದದ್ದು ಒಂದೇ ಒಂದು ಮನೆ.

ಮನೆ ಹುಡುಕುವ ಮೊದಲು ಮದ್ದಿನ ಕೆಲಸ ಇದೆ. ಮೊಟ್ಟಮೊದಲು ಉಣ್ಣಿ, ನಮ್ಮ ಕಡೆಯ ಉಣುಗು. ಹಗಲು ಬೆಳಕಿನಲ್ಲಿ ನಾಯಿಯನ್ನು ಗೋಣಿಯ ಮೇಲೆ ಮಲಗಿಸಿ ಕಿವಿಯನ್ನು ಮೆಲ್ಲನೆ ಮಗುಚಿ ನೋಡಿ. ಕಿವಿಯ ಅಂಚಿನಲ್ಲಿ ಚರ್ಮ ಎರಡು ಪದರವಾಗಿ ಚೀಲದಂತೆ ಮಡಿಚಿಕೊಂಡ ಜಾಗ ಒಂದಿದೆ. ಉಣ್ಣಿಗಳು ಅಲ್ಲಿ ಸಾಲಾಗಿ ಕೂತಿರುತ್ತವೆ. ಸಣ್ಣವು ಎಳ್ಳಿನಷ್ಟು, ರಕ್ತ ಕುಡಿದ ಹೆಣ್ಣುಗಳು ನೆನೆಸಿದ ಕಡಲೆಯಷ್ಟು. ಕಾಲ್ಬೆರಳುಗಳ ಸಂದಿಯಲ್ಲಿಯೂ ಇರುತ್ತವೆ. ಕೈಯಲ್ಲಿ ಹಿಚುಕಬೇಡಿ. ಚಿಮುಟದಲ್ಲಿ ಚರ್ಮದ ಬುಡಕ್ಕೆ ಹಿಡಿದು ನೇರಕ್ಕೆ ಎಳೆದು ಸೋಪಿನ ನೀರಿಗೆ ಹಾಕಿ. ಮೊದಲ ದಿನ ನಾಯಿ ಕಿವಿ ಮುಟ್ಟಗೊಡದೆ ಗುರ್ ಎನ್ನಬಹುದು. ನಾಲ್ಕನೆಯ ದಿನ ಗೋಣಿ ಹಾಸಿದ ಕೂಡಲೇ ತಾನೇ ಬಂದು ಮಲಗಿ ಕಿವಿ ಕೊಡುತ್ತದೆ. ನನ್ನ ಕೈಯಲ್ಲಿ ಹಾದುಹೋದ ನಾಯಿಗಳೆಲ್ಲ ಹೀಗೇ ಮಾಡಿವೆ. ಮನುಷ್ಯರ ಮೇಲೆ ಅದರ ನಂಬಿಕೆ ಪೂರ್ತಿ ಹೋಗಿಲ್ಲ ಎಂಬುದು ನಿಮಗೆ ಮೊದಲು ತಿಳಿಯುವುದು ಅಲ್ಲಿಯೇ.

ಇಷ್ಟು ಮಾಡಿದರೂ ಸಾಲದು. ಉಣ್ಣಿ ನಾಯಿಯ ಮೈಯಲ್ಲಿ ಮೊಟ್ಟೆ ಇಡುವುದಿಲ್ಲ. ಉದುರಿ, ಗೋಡೆಯ ಬಿರುಕಿನಲ್ಲಿ, ಕಟ್ಟಿಗೆ ರಾಶಿಯ ಸಂದಿಯಲ್ಲಿ ಸಾವಿರಗಟ್ಟಲೆ ಇಡುತ್ತದೆ. ನಿಮ್ಮ ಇನ್ನೆರಡು ನಾಯಿಗಳಿಗೂ ಮದ್ದು ಬೇಕು, ಅವು ಮಲಗುವ ಜಾಗಕ್ಕೂ ಬೇಕು. ಉಣ್ಣಿಜ್ವರದಲ್ಲಿ ಒಂದೆರಡು ಬಗೆ ಇದೆ. ಎರ್ಲಿಕಿಯಾ ಎಂಬುದಾದರೆ ರಕ್ತದ ಪ್ಲೇಟ್‌ಲೆಟ್ ಕುಸಿಯುತ್ತದೆ, ಕೆಲವಕ್ಕೆ ಮೂಗಿನಿಂದ ರಕ್ತ ಬರುತ್ತದೆ. ಅದಕ್ಕೆ ಡಾಕ್ಸಿಸೈಕ್ಲಿನ್ ಕೊಡುತ್ತಾರೆ, ಸಾಮಾನ್ಯವಾಗಿ 28 ದಿನ. ಒಂದೇ ವಾರಕ್ಕೆ ನಾಯಿ ಚುರುಕಾಗಿ ಗಂಜಿ ತಟ್ಟೆ ನೆಕ್ಕತೊಡಗುತ್ತದೆ, ಮನೆಯವರು ಗುಣವಾಯಿತು ಎಂದು ಮಾತ್ರೆ ನಿಲ್ಲಿಸುತ್ತಾರೆ, ಜ್ವರ ತಿರುಗಿ ಬರುತ್ತದೆ. ದಿನ ಪೂರ್ತಿಯಾಗಲಿ. ಬರಿಹೊಟ್ಟೆಗೆ ಆ ಮಾತ್ರೆ ಕೊಟ್ಟರೆ ವಾಂತಿ ಮಾಡುತ್ತದೆ, ಅನ್ನದೊಂದಿಗೇ ಕೊಡಿ.

ರೋಮ ಉದುರಿದ್ದು ಕಜ್ಜಿಯೇ, ಕಜ್ಜಿಯಾದರೆ ಯಾವುದು ಎಂದು ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿಸಬೇಕು. ಒಂದು ಬಗೆಯ ಕಜ್ಜಿ ಮನುಷ್ಯರಿಗೂ ಇತರ ನಾಯಿಗಳಿಗೂ ಹತ್ತುತ್ತದೆ, ಇನ್ನೊಂದು ಹತ್ತುವುದಿಲ್ಲ. ನಾಯಿ ಒಯ್ಯುವವರಿಗೆ ಇದು ದೊಡ್ಡ ವಿಷಯ. ಕಜ್ಜಿಗೆ ಹಳೆ ಎಂಜಿನ್ ಆಯಿಲ್ ಸವರುವ ಅಭ್ಯಾಸ ಇನ್ನೂ ಇದೆ. ಬೇಡವೇ ಬೇಡ, ನಾಯಿ ಅದನ್ನು ನೆಕ್ಕಿ ವಿಷವೇರಿಸಿಕೊಳ್ಳುತ್ತದೆ. ಕಾಲುನೋವಿಗೆ ನಮ್ಮ ಡಬ್ಬಿಯ ಐಬುಪ್ರೊಫೆನ್ ಕೂಡ ಹಾಗೆಯೇ, ನಾಯಿಗೆ ಅದು ವಿಷ. ಹುಚ್ಚುನಾಯಿ ರೋಗದ ಲಸಿಕೆಯನ್ನು ಯಾವಾಗ ಹಾಕಿಸುವುದೆಂದು ಡಾಕ್ಟರನ್ನು ಕೇಳಿ. ಅಲ್ಲಿಯವರೆಗೆ ನಾಯಿಯನ್ನು ಬೇರೆಯೇ ಇಡಿ. ಕಚ್ಚಿದರೆ, ಅಥವಾ ನಿಮ್ಮ ಗಾಯಕ್ಕೆ ಅದರ ಜೊಲ್ಲು ತಾಗಿದರೆ, ಹರಿಯುವ ನೀರು, ಸೋಪು, 15 ನಿಮಿಷ. ಕೂಡಲೇ ಸರ್ಕಾರಿ ಆಸ್ಪತ್ರೆ. ಮಳೆಗಾಲದಲ್ಲಿ ನಮ್ಮ ಜಿಲ್ಲೆಯಲ್ಲಿ ಇಲಿಜ್ವರದ ಭಯವೂ ಇದೆ, ಅದು ನಾಯಿಯ ಮೂತ್ರದಿಂದಲೂ ಹರಡಬಲ್ಲದು. ನಾಯಿಯ ಜಾಗ ತೊಳೆಯುವಾಗ ಕೈಗವಸು ಹಾಕಿಕೊಳ್ಳಿ.

ಸೊಂಟದ ಕೀಲಿನ ವಿಷಯದಲ್ಲಿ ನಿಮಗೆ ಸ್ವಲ್ಪ ಧೈರ್ಯ ಹೇಳಬಹುದು. ಇದು ಲ್ಯಾಬ್ರಡಾರ್ ರಕ್ತದಲ್ಲೇ ಬರುವ ತೊಂದರೆ. ನಾಯಿಯ ತೂಕ ಏರದಂತೆ ನೋಡಿಕೊಂಡರೆ, ಜಾರದ ನೆಲ ಕೊಟ್ಟರೆ, ಡಾಕ್ಟರು ಬರೆದ ನೋವಿನ ಮದ್ದನ್ನು ಬೇಕಾದಾಗ ಹಾಕಿದರೆ ವರ್ಷಗಟ್ಟಲೆ ಚೆನ್ನಾಗಿ ಬದುಕುತ್ತದೆ. ಹಾಗಾಗಿ ಎಂಥ ಮನೆ ಬೇಕೆಂದು ಆ ಕಾಲೇ ಹೇಳುತ್ತದೆ. ನಮ್ಮ ಕಡೆ ಮನೆಗಳು ಗುಡ್ಡದ ಬದಿಯಲ್ಲಿ, ತೋಟ ಕೆಳಗೆ, ನಡುವೆ ಮೂವತ್ತು ನಲವತ್ತು ಮೆಟ್ಟಿಲು. ಅಂಥ ಮನೆ ಬೇಡ. ಹೊಳೆಯುವ ಟೈಲ್ಸ್ ಹಾಕಿದ ಮನೆಯಾದರೆ ನಾಯಿ ಓಡಾಡುವಷ್ಟು ಜಾಗಕ್ಕೆ ನಾರಿನ ಚಾಪೆ ಹಾಸಲು ಒಪ್ಪಬೇಕು. ಹಳೆಯ ಸಿಮೆಂಟು ನೆಲ, ಸಪಾಟು ಅಂಗಳ, ಎರಡೇ ಮೆಟ್ಟಿಲಿನ ಜಗಲಿ ಇದ್ದರೆ ಅದೇ ಅರಮನೆ.

'ಗಂಡುಮರಿ ಇದ್ದರೆ ಹೇಳಿ' ಎಂದವರ ಮೇಲೆ ಸಿಟ್ಟು ಬೇಡ. ಅವರಿಗೆ ಬೇಕಾದದ್ದು ಅಂಗಳದಲ್ಲಿ ಒಣಗುವ ಅಡಿಕೆಗೆ ಕಾವಲು, ತೋಟಕ್ಕೆ ನುಗ್ಗುವ ಹಂದಿಗೆ ಬೊಗಳುವ ಗಂಟಲು. ನಿಮ್ಮ ನಾಯಿ ಅದಕ್ಕಲ್ಲ. ನೀವು ತಟ್ಟಬೇಕಾದ ಬಾಗಿಲು ಬೇರೆ. ಮಕ್ಕಳು ಬೆಂಗಳೂರಿನಲ್ಲೋ ಗಲ್ಫಿನಲ್ಲೋ ಇದ್ದು, ದೊಡ್ಡ ಮನೆಯಲ್ಲಿ ಇಬ್ಬರೇ ಉಳಿದವರು. ಎಲ್ಲಕ್ಕಿಂತ ಮುಖ್ಯವಾಗಿ, ಇತ್ತೀಚೆಗೆ ಮುದಿನಾಯಿಯ ಚಾಕರಿ ಮಾಡಿ ಅದನ್ನು ಕಳೆದುಕೊಂಡವರು. ಬಾಳೆಹಣ್ಣಿನೊಳಗೆ ಮಾತ್ರೆ ಇಡುವ ಕಲೆ ಅವರಿಗೆ ಆಗಲೇ ಬರುತ್ತದೆ. ಅಂಥವರು ಯಾರೆಂದು ಪಶು ಆಸ್ಪತ್ರೆಯ ಡಾಕ್ಟರಿಗೂ ಸಿಬ್ಬಂದಿಗೂ ಗೊತ್ತಿರುತ್ತದೆ. ಅವರನ್ನು ಕೇಳಿ. ಆಮೇಲೆ ಹಾಲಿನ ಸೊಸೈಟಿಯ ಗೋಡೆ. ಬೆಳಿಗ್ಗೆ ಸಂಜೆ ಊರಿನ ಅರ್ಧ ಮನೆಗಳವರು ಅಲ್ಲಿಗೆ ಬಂದೇ ಬರುತ್ತಾರೆ.

ಅಲ್ಲಿ ಅಂಟಿಸುವ ಚೀಟಿಯಲ್ಲಿ 'ಪಾಪದ ನಾಯಿ, ಕಾಪಾಡಿ' ಎಂದು ಬರೆಯಬೇಡಿ. ಕರುಣೆಯಿಂದ ಒಯ್ದವರಿಗೆ ಹದಿನೈದು ದಿನದಲ್ಲಿ ಬೇಸರ ಬರಬಹುದು. ವಿವರಗಳನ್ನು ನಿಮ್ಮ ನಾಯಿಗೆ ತಕ್ಕಂತೆ ಬದಲಿಸಿ, ಹೀಗೆ ಬರೆಯಿರಿ:

'ಹೆಣ್ಣುನಾಯಿ, ಹಳದಿ ಬಣ್ಣ, ಮಿಶ್ರತಳಿ. ಹಲ್ಲು ನೋಡಿ ಡಾಕ್ಟರು ಹೇಳಿದ ವಯಸ್ಸು ಇಷ್ಟು. ಉಣ್ಣಿಜ್ವರಕ್ಕೆ ಮದ್ದು ನಡೆಯುತ್ತಿದೆ, ಇಂಥ ದಿನ ಮುಗಿಯುತ್ತದೆ. ಹಿಂಗಾಲು ಪೂರ್ತಿ ಸರಿಯಾಗುವುದಿಲ್ಲ. ನಡೆಯುತ್ತದೆ, ಓಡುವುದಿಲ್ಲ, ಮೆಟ್ಟಿಲು ಹತ್ತುವುದಿಲ್ಲ. ತಿಂಗಳಿಗೆ ಮದ್ದಿನ ಖರ್ಚು ಇಷ್ಟು. ಒಬ್ಬರೇ ಇದ್ದರೆ ಕಾಲ ಬುಡದಲ್ಲಿ ಮಲಗುತ್ತದೆ. ಗುಡುಗಿಗೆ ಹೆದರುತ್ತದೆ. ಬೇರೆ ನಾಯಿಗಳಿಲ್ಲದ ಮನೆ ಬೇಕು. ನೋಡಿ ಹೋಗಲು ಬನ್ನಿ, ಅಂದೇ ಒಯ್ಯಬೇಕೆಂದಿಲ್ಲ.'

ಖರ್ಚಿನ ಅಂಕಿಯನ್ನು ಬಿಡಬೇಡಿ. ಎಷ್ಟಾಗುತ್ತದೋ ಎಂಬ ಭಯ ಎಷ್ಟು ಎಂದು ಗೊತ್ತಾದಾಗ ಅರ್ಧ ಇಳಿಯುತ್ತದೆ.

ಊರಾಚೆಯ ಸಂಸ್ಥೆಗಳನ್ನೂ ಕೇಳಬಹುದು. ಮಂಗಳೂರಿನ ಶಕ್ತಿನಗರದಲ್ಲಿ ಅನಿಮಲ್ ಕೇರ್ ಟ್ರಸ್ಟ್ ಇದೆ. ಗಾಯಗೊಂಡ, ಯಾರೋ ಬಿಟ್ಟುಹೋದ ಪ್ರಾಣಿಗಳನ್ನು ನೋಡಿಕೊಳ್ಳುತ್ತಾರೆ, ಮನೆಗಳಿಗೂ ಕೊಡುತ್ತಾರೆ. ಬೆಂಗಳೂರಿನಲ್ಲಿ ಕ್ರಿಸ್ಟಲ್ ರೋಜರ್ಸ್ 1991ರಲ್ಲಿ ಶುರುಮಾಡಿದ ಕ್ಯೂಪಾ ಎಂಬ ಪ್ರಾಣಿದಯಾ ಸಂಸ್ಥೆ ಇದೆ. ಮೂರು ಕಾಲಿನ ಚಾರ್ಲಿ ಎಂಬ ನಾಯಿಯ ಹೆಸರಿನಲ್ಲಿ ಸುಧಾ ನಾರಾಯಣನ್ ಕಟ್ಟಿದ ಚಾರ್ಲೀಸ್ ಅನಿಮಲ್ ರೆಸ್ಕ್ಯೂ ಸೆಂಟರ್ ಇದೆ. ಇಂಥವರನ್ನು ಸಂಪರ್ಕಿಸಿ, ಚಿತ್ರ ಮತ್ತು ಮದ್ದಿನ ಚೀಟಿ ಕಳುಹಿಸಿ, ಅವರ ಬಳಗದಲ್ಲಿ ಸುದ್ದಿ ಹಬ್ಬಿಸಲು ಕೇಳಿ. ಆದರೆ ನಾಯಿಯನ್ನೇ ಒಯ್ದು ಬಿಟ್ಟುಬರುವ ಯೋಚನೆ ಸದ್ಯಕ್ಕೆ ಬೇಡ. ಹತ್ತಾರು ಪ್ರಾಣಿಗಳು ಒಟ್ಟಿಗಿರುವ ಕಡೆ ಡಿಸ್ಟೆಂಪರ್, ಪಾರ್ವೋದಂಥ ಅಂಟುರೋಗಗಳು ಸುಳಿಯುತ್ತಿರುತ್ತವೆ, ಜ್ವರದಿಂದ ಬಡವಾದ ನಾಯಿ ಅವನ್ನು ತಡೆಯಲಾರದು. ಮಂಗಳೂರಿನ ರಜನಿ ಶೆಟ್ಟಿಯವರ ಹೆಸರು ನೀವು ಕೇಳಿರಬಹುದು. ಹಗ್ಗ ಕಟ್ಟಿಕೊಂಡು ಬಾವಿಗಿಳಿದು ನಾಯಿಗಳನ್ನು ಎತ್ತಿದವರು, ಬೀದಿಯ ನೂರಾರು ನಾಯಿಗಳಿಗೆ ಅನ್ನ ಹಾಕುವವರು. ಇಂಥವರ ಹೆಗಲ ಮೇಲೆ ಈಗಾಗಲೇ ಇರುವ ಭಾರ ನೋಡಿದರೆ, ನಮ್ಮ ರಸ್ತೆಯ ಒಂದು ನಾಯಿ ನಮ್ಮಲ್ಲೇ ಇರಲಿ ಎನಿಸುತ್ತದೆ.

  

'777 ಚಾರ್ಲಿ' ನೋಡಿ ಅತ್ತವರು ನಿಮ್ಮೂರಿನಲ್ಲೂ ಇದ್ದಾರು. ಕಾಸರಗೋಡಿನ ಕಿರಣ್‌ರಾಜ್ ನಿರ್ದೇಶಿಸಿದ, 2022ರಲ್ಲಿ ತೆರೆಕಂಡ ಆ ಚಿತ್ರದಲ್ಲಿಯೂ ತಳಿ ಮಾರಾಟದವನ ಕೈಯಿಂದ ತಪ್ಪಿಸಿಕೊಂಡು ಬಂದ ಲ್ಯಾಬ್ರಡಾರ್ ಒಂದಿದೆ, ಅದಕ್ಕೂ ವಾಸಿಯಾಗದ ಕಾಯಿಲೆ. ಅಲ್ಲಿ ನಾಯಕ ಧರ್ಮನಿಗೆ ನಾಯಿಯ ಮೇಲೆ ಪ್ರೀತಿ ಹುಟ್ಟಿದ ಮೇಲೆ ಕಾಯಿಲೆ ತಿಳಿಯುತ್ತದೆ. ನಿಮ್ಮ ನಾಯಿಗೆ ಬಂದ ಕಷ್ಟ ಇದಕ್ಕೆ ತಲೆಕೆಳಗು. ಕಾಯಿಲೆ ಮೊದಲು ಕಾಣಿಸುತ್ತದೆ, ಪ್ರೀತಿ ಆಮೇಲೆ ಬರಬೇಕು. ಅದಕ್ಕೇ 'ನೋಡಿ ಹೋಗಲು ಬನ್ನಿ' ಎಂಬ ಸಾಲು ಬೇಕೆಂದದ್ದು. ಬಂದವರು ಅರ್ಧ ಗಂಟೆ ಜಗಲಿಯಲ್ಲಿ ಕೂತು ಚಹಾ ಕುಡಿಯಲಿ. ನಾಯಿ ಹತ್ತಿರ ಹೋಗಿ ಮೂಸುತ್ತದೋ, ದೂರ ನಿಲ್ಲುತ್ತದೋ, ಅವರು ಕೈ ಚಾಚುತ್ತಾರೋ, ಮೊಬೈಲು ನೋಡುತ್ತಾರೋ ಗಮನಿಸಿ. ಆಮೇಲೆ ನೀವೂ ಒಮ್ಮೆ ಅವರ ಮನೆಗೆ ಹೋಗಿ ಬನ್ನಿ.

ಕೊಡುವ ಮೊದಲು ಸಂತಾನಹರಣ ಚಿಕಿತ್ಸೆ ಆಗಿರಲಿ, ಆದರೆ ಪ್ಲೇಟ್‌ಲೆಟ್ ಸರಿಯಾಗುವವರೆಗೆ ಕಾಯಿರಿ. ತಳಿಯ ಹೆಣ್ಣುನಾಯಿ ಎಂದ ಕೂಡಲೇ ಮರಿ ಹಾಕಿಸಿ ಮಾರುವ ಲೆಕ್ಕದಲ್ಲಿ ಕೇಳುವವರು ಇದ್ದಾರೆ. ಆ ಸೊಂಟದಲ್ಲಿ ಅದಕ್ಕೆ ಒಂದು ಹೆರಿಗೆಯೂ ಆಗಬಾರದು. ಕೊಡುವಾಗ ಕಾಗದದಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿ, ಆಗದಿದ್ದರೆ ನಿಮಗೇ ಹಿಂತಿರುಗಿಸಬೇಕೆಂದು. ಬೀದಿನಾಯಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು ಕೊಟ್ಟ ಆದೇಶದಲ್ಲಿಯೂ ದತ್ತು ಪಡೆದವರು ನಾಯಿಯನ್ನು ಮತ್ತೆ ಬೀದಿಗೆ ಬಿಡಕೂಡದು ಎಂದಿದೆ.

ಬಿಟ್ಟು ಹೋದವರ ವಿಷಯ ನೀವು ಕೇಳಿಲ್ಲ. ಆದರೂ ಹೇಳುತ್ತೇನೆ, ಅದು ಅಪರಾಧ. ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದನ್ನು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ನಿಷೇಧಿಸಿದೆ. ಮೊದಲ ಸಲದ ದಂಡ 10ರಿಂದ 50 ರೂಪಾಯಿ ಎಂದು ಅದರಲ್ಲಿ ಬರೆದಿರುವುದನ್ನು ಓದಿದಾಗಲೆಲ್ಲ ನನಗೆ ನೋವಾಗುತ್ತದೆ.

ಮನೆ ಸಿಗಲು ಮೂರು ತಿಂಗಳು ಹಿಡಿಯಬಹುದು, ಆರೂ ಹಿಡಿಯಬಹುದು. ಅಷ್ಟು ದಿನ ನಿಮ್ಮ ಮನೆಯ ಹಿಂದಿನ ಜಗಲಿ ಅದರ ಜಾಗವಾಗಿರಲಿ. ನಿಮ್ಮ ಎರಡು ನಾಯಿಗಳನ್ನು ಬಾಗಿಲ ಆಚೆಯಿಂದ ವಾಸನೆಗೆ ಅಭ್ಯಾಸ ಮಾಡಿಸಿ. ಕಜ್ಜಿ ಹತ್ತುವ ಬಗೆಯದಲ್ಲ ಎಂದು ಖಚಿತವಾದ ಮೇಲೆ ಮೂರನ್ನೂ ಹಗ್ಗದಲ್ಲಿ ಹಿಡಿದು, ಅಂಗಳದಿಂದ ಹೊರಗೆ, ರಸ್ತೆಯಲ್ಲಿ ಒಟ್ಟಿಗೆ ನಡೆಸಿ ನೋಡಿ. ಮನೆಯೊಳಗೆ ಕಚ್ಚಾಡುವ ನಾಯಿಗಳು ಹೊರಗೆ ಒಂದೇ ದಿಕ್ಕಿಗೆ ನಡೆಯುವಾಗ ಸಮಾಧಾನವಾಗುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಇನ್ನೊಂದು ಮಾತು. ಅಷ್ಟು ವಿವರವಾಗಿ ಬರೆದ ನಿಮ್ಮ ಪತ್ರದಲ್ಲಿ ಎಲ್ಲಿಯೂ ಅದರ ಹೆಸರಿಲ್ಲ. ಕೊಟ್ಟುಬಿಡುವ ನಾಯಿಗೆ ಹೆಸರೇಕೆ ಎಂದು ತಡೆದಿರಬಹುದು, ಹೆಸರಿಟ್ಟರೆ ಕೊಡಲು ಮನಸ್ಸು ಬಾರದು ಎಂಬ ಅಳುಕೂ ಇರಬಹುದು. ಇಡಿ. ಮುಂದಿನ ಸಲ ಪುತ್ತೂರಿಗೆ ಹೋದಾಗ ಮದ್ದಿನ ಚೀಟಿಯ ಮೇಲೆ ಅದನ್ನು ಬರೆಸಿಕೊಳ್ಳಿ. ಹಾಲಿನ ಸೊಸೈಟಿಯ ಗೋಡೆಯ ಚೀಟಿಯಲ್ಲೂ ಮೊದಲ ಸಾಲು ಅದೇ ಆಗಲಿ.