ನಂಬಿಕೆಗೂ ಒಂದು ಪರೀಕ್ಷೆ: ಸಿ.ಎಸ್. ಲೂಯಿಸ್ ಕೇಳಿದ ಎರಡು ಪ್ರಶ್ನೆ

ನಾರ್ನಿಯಾ ಸಿನಿಮಾ ನಮ್ಮಲ್ಲಿ ತುಂಬಾ ಜನ ನೋಡಿದ್ದೇವೆ. ಅದರ ಮೂಲ ಕಥೆ ಬರೆದ ಸಿ.ಎಸ್. ಲೂಯಿಸ್ ಕ್ರೈಸ್ತ ನಂಬಿಕೆಯ ಬಗ್ಗೆ ಬರೆದೂ ಹೆಸರಾದವರು. ಆದರೆ ಅವರ ನಂಬಿಕೆ ಒಮ್ಮೆ ಪೂರ್ತಿ ಬಿದ್ದುಹೋಗಿತ್ತು, ಇನ್ನೊಮ್ಮೆ ಬುಡಸಮೇತ ಅಲುಗಾಡಿತ್ತು. ಅದು ಮತ್ತೆ ಹೇಗೆ ನಿಂತಿತು ಅಂತ ನೋಡೋಣ.

ಮೊದಲ ಪ್ರಶ್ನೆ: ಇದು ನಿಜವಾ?

ಲೂಯಿಸ್ ಹುಟ್ಟಿದ್ದು 1898ರಲ್ಲಿ, ಬೆಲ್‌ಫಾಸ್ಟ್‌ನಲ್ಲಿ. ಶಾಲೆಯಲ್ಲಿ ಗ್ರೀಕ್, ರೋಮನ್ ದೇವರುಗಳೆಲ್ಲ ಬರೀ ಕಲ್ಪನೆ ಅನ್ನುವ ಹಾಗೆ ಪಾಠ ನಡೀತಿತ್ತು. ಹಾಗಾದರೆ ನಮ್ಮ ಧರ್ಮ ಒಂದೇ ಹೇಗೆ ನಿಜ? ಯಾರೂ ಸರಿಯಾದ ಉತ್ತರ ಕೊಡಲಿಲ್ಲ. ಹುಡುಗ ಹದಿಹರೆಯದಲ್ಲೇ ನಾಸ್ತಿಕನಾದ.

ಉತ್ತರ ಸಿಗೋಕೆ ವರ್ಷಗಳೇ ಬೇಕಾದವು. 1931ರ ಸೆಪ್ಟೆಂಬರ್‌ನ ಒಂದು ರಾತ್ರಿ ಆಕ್ಸ್‌ಫರ್ಡ್‌ನಲ್ಲಿ ಗೆಳೆಯರಾದ ಟೋಲ್ಕಿನ್ ಮತ್ತು ಹ್ಯೂಗೊ ಡೈಸನ್ ಜೊತೆ ಗಂಟೆಗಟ್ಟಲೆ ಮಾತಾಯಿತು. ಹಳೆಯ ಪುರಾಣಗಳು ಬರೀ ಸುಳ್ಳಲ್ಲ, ಅವು ಹುಡುಕುತ್ತಿದ್ದದ್ದು ಕ್ರಿಸ್ತನಲ್ಲಿ ನಿಜವಾಗಿ ನಡೆಯಿತು ಅನ್ನೋದು ಗೆಳೆಯರ ವಾದ. ಅದು ಹಳೇ ಪ್ರಶ್ನೆಗೆ ನೇರವಾಗಿ ತಾಗಿತು. ಕೆಲವೇ ದಿನಗಳಲ್ಲಿ ಲೂಯಿಸ್ ಮತ್ತೆ ಕ್ರೈಸ್ತರಾದರು.

ಎರಡನೇ ಪ್ರಶ್ನೆ: ದೇವರು ಎಂಥವನು?

1940ರಲ್ಲಿ ಅವರು 'ದಿ ಪ್ರಾಬ್ಲಮ್ ಆಫ್ ಪೇನ್' ಬರೆದರು. ಒಳ್ಳೆಯ ದೇವರಿದ್ದರೆ ನೋವು ಯಾಕೆ ಅನ್ನೋದಕ್ಕೆ ತರ್ಕಬದ್ಧ ಉತ್ತರ ಅದರಲ್ಲಿದೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಅದು ಥಿಯರಿ. ಪ್ರಾಕ್ಟಿಕಲ್ ಬಂದದ್ದು 1960ರ ಜುಲೈನಲ್ಲಿ, ಹೆಂಡತಿ ಜಾಯ್ ಡೇವಿಡ್‌ಮನ್ ಕ್ಯಾನ್ಸರ್‌ನಿಂದ ತೀರಿಕೊಂಡಾಗ.

ಲೂಯಿಸ್ ಮನೆಯಲ್ಲಿದ್ದ ನೋಟ್‌ಬುಕ್‌ಗಳಲ್ಲಿ ಮನಸ್ಸಿಗೆ ಬಂದದ್ದನ್ನೆಲ್ಲ ಬರೆದರು. ಅದೇ 1961ರಲ್ಲಿ ಎನ್.ಡಬ್ಲ್ಯೂ. ಕ್ಲರ್ಕ್ ಎಂಬ ಗುಪ್ತನಾಮದಲ್ಲಿ 'ಎ ಗ್ರೀಫ್ ಅಬ್ಸರ್ವ್ಡ್' ಆಗಿ ಬಂತು. ದೇವರೇ ಇಲ್ಲ ಅನ್ನೋದು ಈ ಸಲದ ಭಯ ಅಲ್ಲ. ಇದ್ದಾನೆ, ಆದರೆ ಕ್ರೂರಿ ಇರಬಹುದು ಅನ್ನೋ ಭಯ. ಈ ಸಿಟ್ಟನ್ನು ಅವರು ಎಲ್ಲೂ ಮುಚ್ಚಿಡೋದಿಲ್ಲ. ಬರೀತಾ ಬರೀತಾ ಒಂದು ವಿಷಯ ತಿಳಿಯಾಗುತ್ತೆ: ಬಿದ್ದದ್ದು ದೇವರಲ್ಲ, ತಾನು ಮನಸ್ಸಲ್ಲಿ ಕಟ್ಟಿಕೊಂಡಿದ್ದ ದೇವರ ಚಿತ್ರ. ದುಃಖ ಹೋಗಲಿಲ್ಲ, ಎಲ್ಲಾ ಪ್ರಶ್ನೆಗೂ ಉತ್ತರ ಸಿಗಲಿಲ್ಲ. ಆದರೂ 1963ರಲ್ಲಿ ಸಾಯೋ ಮುಂಚೆ ಬರೆದು ಮುಗಿಸಿದ ಪುಸ್ತಕಗಳಲ್ಲಿ ಒಂದು ಪ್ರಾರ್ಥನೆಯ ಬಗ್ಗೆಯೇ.

ನಮಗೇನು ಪಾಠ?

ಭಾನುವಾರ ಚರ್ಚಿಗೆ ಹೋಗೋದು ಬಿಟ್ಟು, ಮನೆಯಿಂದ ಫೋನ್ ಬಂದಾಗ "ಹೋಗಿದ್ದೆ ಅಮ್ಮಾ" ಅನ್ನೋ ಗೆಳೆಯರು ನಮ್ಮ ಹಾಸ್ಟೆಲ್‌ಗಳಲ್ಲೂ ಇದ್ದಾರೆ. ದೇವಸ್ಥಾನ, ಮಸೀದಿಗೆ ಹೋಗೋರ ಕಥೆಯೂ ಬೇರೆ ಅಲ್ಲ. ಲೂಯಿಸ್‌ರ ಬದುಕಿನಿಂದ ನಾವು ತೆಗೆದುಕೊಳ್ಳಬಹುದಾದದ್ದು ಮೂರು.

1. ಸಂಶಯ ಯಾವುದು ಅಂತ ಮೊದಲು ಗುರುತಿಸಬೇಕು. "ನಿಜವಾ?" ಅನ್ನೋದಕ್ಕೆ ಓದು, ವಾದ ಬೇಕು. "ನನಗೇ ಯಾಕೆ ಹೀಗೆ?" ಅನ್ನೋ ನೋವಿಗೆ ವಾದ ಸಾಲದು.

2. ಸಂಶಯವನ್ನು ಬರೆದಿಡಬೇಕು. ಒಳಗೇ ಇಟ್ಟುಕೊಂಡರೆ ಅದೇ ಜಾಗದಲ್ಲಿ ಸುತ್ತುತ್ತೆ.

3. ಪೂರ್ತಿ ಕೇಳಿಸಿಕೊಳ್ಳುವ ಒಬ್ಬಿಬ್ಬರಾದರೂ ಬೇಕು. ಲೂಯಿಸ್‌ಗೆ ಟೋಲ್ಕಿನ್ ಸಿಕ್ಕರು. ನಮ್ಮ ಪಕ್ಕದ ರೂಮಿನವನಿಗೆ ನಾವು ಸಿಗ್ತೀವಾ?